ಭಾಗಪ್ಪನ ಬೆರಳಿನ ವೋಲ್ಟೇಜು

ಕಳ್ಳಕವಟಗಿಯಲ್ಲಿ ಯಾರ ಮನೆಗಾದರೂ ಹೊಸ ಫ್ರಿಜ್ಜು ಬಂದರೆ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಾರೆ, ಆಮೇಲೆ ಕಾಯಿ ಒಡೆಯುತ್ತಾರೆ, ಆಮೇಲೆ ಭಾಗಪ್ಪನನ್ನು ಕರೆಯುತ್ತಾರೆ. ಮೊದಲಿನ ಎರಡು ತಪ್ಪಿದರೂ ನಡೆದೀತು, ಮೂರನೆಯದು ತಪ್ಪುವಂತಿಲ್ಲ. ಭಾಗಪ್ಪನ ಬೆರಳು ತಾಗದ ಪ್ಲಗ್ಗಿಗೆ ಮಿಕ್ಸರ್ ಹಚ್ಚಿದವರ ಗತಿ ಏನಾಯಿತು ಎಂಬ ಬಗ್ಗೆ ಊರಿನಲ್ಲಿ ಹನ್ನೊಂದು ಕತೆಗಳಿವೆ. ಹನ್ನೊಂದನ್ನೂ ಮೊದಲು ಹೇಳಿದವನು ಭಾಗಪ್ಪನೇ.

ಅವನು ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವನು. ಅಷ್ಟೂ ವರ್ಷ ಯಾವ ಮೀಟರನ್ನೂ ನಂಬಿದವನಲ್ಲ. ಕೈಗೆ ಕೊಟ್ಟಿದ್ದ ಮೀಟರು ಮೂವತ್ತೊಂದು ವರ್ಷ ಡಬ್ಬಿಯಲ್ಲೇ ಮಲಗಿ, ಅವನು ನಿವೃತ್ತನಾದ ದಿನ ಹೊಚ್ಚ ಹೊಸದಾಗಿ ವಾಪಸು ಹೋಯಿತು. ಅವನ ಮೀಟರು ಬಲಗೈ ತೋರುಬೆರಳು. ಅದಕ್ಕೆ ಜೊತೆಯಾಗಿ ಒಂದು ಮರದ ಮಣೆ. ಆ ಮಣೆ ಅವನ ಹೆಂಡತಿ ರಾಧಾಬಾಯಿ ತವರಿನಿಂದ ತಂದದ್ದು, ಮದುವೆಯಲ್ಲಿ ಅವಳು ಕೂತದ್ದು. ಮದುವೆಯಾದ ಎರಡನೇ ವಾರಕ್ಕೇ ಅದು ಇಲಾಖೆಯ ಸೇವೆಗೆ ಹೋಯಿತು. ಅಂದಿನಿಂದ ರಾಧಾಬಾಯಿ ಗೋಣಿಚೀಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ.

ಅಳೆಯುವ ರೀತಿಯೂ ಹೀಗೇ ಎಂದು ನಿಗದಿಯಾಗಿತ್ತು. ಭಾಗಪ್ಪ ಮಣೆ ಇಟ್ಟು ಅದರ ಮೇಲೆ ನಿಲ್ಲುತ್ತಾನೆ. ಬೆರಳನ್ನು ಧೋತರದ ಚುಂಗಿಗೆ ಮೂರು ಸಲ ಒರೆಸುತ್ತಾನೆ. ಕಣ್ಣು ಮುಚ್ಚುತ್ತಾನೆ. ಮನೆಯವರೂ ಮುಚ್ಚುತ್ತಾರೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಬೆರಳ ತುದಿ ಬರಿ ತಂತಿಗೆ ತಾಗುತ್ತದೆ, ಎಡ ಹುಬ್ಬು ಒಂದು ಸಲ ಕುಣಿಯುತ್ತದೆ.

“ಎರಡ್ನೂರಾ ಹತ್ತ. ಹಚ್ರಿ.”

ಆಮೇಲೆ ಚಹಾ.

ಈ ಬೆರಳಿನ ಪ್ರಕಾರ ಕಳ್ಳಕವಟಗಿಯ ವೋಲ್ಟೇಜಿಗೂ ಋತುಮಾನಗಳಿದ್ದವು. ದೀಪಾವಳಿಯ ದಿನ ಎಣ್ಣೆಸ್ನಾನ ಮುಗಿಸಿ ಅಳೆದರೆ ಇನ್ನೂರೈವತ್ತು ದಾಟುತ್ತಿತ್ತು. ಸರ್ಕಾರಕ್ಕೂ ಹಬ್ಬದ ಮೇಲೆ ಭಕ್ತಿ ಇದೆ ಎಂದು ಊರು ಮೆಚ್ಚಿಕೊಳ್ಳುತ್ತಿತ್ತು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಹೊತ್ತಿಗೆ ನೂರೆಂಬತ್ತಕ್ಕೆ ಇಳಿಯುತ್ತಿತ್ತು. ಆಗ ಎಲ್ಲರೂ ಮೋಟರು ಹಚ್ಚುತ್ತಾರಲ್ಲ, ಇಳಿಯದೆ ಏನು ಮಾಡೀತು ಎಂದು ಅದಕ್ಕೂ ಸಮಾಧಾನವಿತ್ತು. ಚಾಟ್ನಿ ಹೊತ್ತಿಗೆ ಭಾಗಪ್ಪನೂ ತನ್ನ ಒಂದೂವರೆ ಎಕರೆ ದ್ರಾಕ್ಷಿ ಪಡದಲ್ಲಿ ಕತ್ತರಿ ಹಿಡಿಯುತ್ತಾನೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈ ವರ್ಷ ಗಣೇಶನ ಹಬ್ಬ ಮುಗಿದ ಮೇಲಿನ ಚಾಟ್ನಿಯನ್ನು ಅವನು ಒಂದು ಬಳ್ಳಿಯನ್ನೂ ಬೇರೆಯವರ ಕೈಗೆ ಬಿಡದೆ ತಾನೇ ಮಾಡಿದ. ಆಳುಗಳು ಕಣ್ಣು ಬಿಟ್ಟು ಕತ್ತರಿಸುತ್ತಾರೆ, ಅವರಿಗೇನು ತಿಳಿಯುತ್ತದೆ ಎಂಬುದು ಅವನ ವಾದ. ಹದಿನೆಂಟು ದಿನ ಕತ್ತರಿ ಆಡಿಸಿ ಮನೆಗೆ ಬಂದ ಮಾರನೆಯ ದಿನವೇ ಸಿದ್ದರಾಯನ ಮನೆಗೆ ಹೊಸ ಟೀವಿ ಬಂತು. ಸಿದ್ದರಾಯ ಊರಿನ ಯಾವ ಕೆಲಸಕ್ಕೂ ಮುಂದೆ ನಿಲ್ಲುವವನು, ಮುಗಿಸಲು ಮಾತ್ರ ನಿಲ್ಲದವನು. ಭಾಗಪ್ಪ ಮಣೆ ಏರಿದ, ಕಣ್ಣು ಮುಚ್ಚಿದ, ಮುಟ್ಟಿದ. ಹುಬ್ಬು ಕುಣಿಯಲಿಲ್ಲ. ಮತ್ತೊಮ್ಮೆ ಮುಟ್ಟಿದ.

“ನೂರಾ ಹದಿನೈದ,” ಎಂದ.

“ಕಾಕಾ, ಮತ್ತ ಬಲ್ಬ್ ಛಲೋ ಉರಿಯಾಕತ್ತಾವಲ್ರಿ?” ಎಂದು ಸಿದ್ದರಾಯ ಕೇಳಿದ.

“ಈಗಿನ ಎಲ್‌ಇಡಿ ಬಲ್ಬ್ ಅವು. ಹೊಟ್ಟಿಗಿ ಇಲ್ದಿದ್ರೂ ನಗ್ತಾವು. ಫ್ಯಾನ್ ನೋಡಲೇ.”

ಎಲ್ಲರೂ ಫ್ಯಾನ್ ನೋಡಿದರು. ಅಲ್ಲಿಯವರೆಗೆ ಚೆನ್ನಾಗಿ ತಿರುಗುತ್ತಿದ್ದ ಫ್ಯಾನು ಎಲ್ಲರ ಕಣ್ಣೆದುರಿಗೇ ನಿಧಾನವಾಯಿತು.

ಹತ್ತು ದಿನದೊಳಗೆ ಊರಿಗೆ ನಲವತ್ತೆರಡು ಸ್ಟೆಬಿಲೈಜರು ಬಂದವು. ಎಲ್ಲವನ್ನೂ ಮಾರಿದವನು ವಿಜಯಪುರದ ಸ್ಟೇಷನ್ ರಸ್ತೆಯ ಅಯೂಬ. ಭಾಗಪ್ಪ ಒಂದು ಸಾಯಂಕಾಲ ಅವನ ಅಂಗಡಿಗೆ ಹೋದರೆ ಅಯೂಬ ಗಿರಾಕಿಗಳನ್ನು ಎಬ್ಬಿಸಿ ಕುರ್ಚಿ ಕೊಟ್ಟ, ಬದಾಮ್ ಹಾಲು ತರಿಸಿದ, ಅವನ ಬೆರಳು ಹಿಡಿದು ನೋಡಿದ.

“ಕಾಕಾ, ನಿಮ್ಮ ಬಟ್ಟಿಗಿ ಯಾರದರೆ ದೃಷ್ಟಿ ಆದೀತ್ರಿ. ಒಂದ್ ತಾಮ್ರದ ಉಂಗುರ ಹಾಕ್ಕೊರಿ.”

“ತಾಮ್ರ ಹಾಕ್ಕೊಂಡ ವಯರ್ ಮುಟ್ಟಿದ್ರ ನಾ ಇಲ್ಲಿ ಹಾಲು ಕುಡ್ಯಾಕ ಬರೂದಿಲ್ಲಲೇ ಅಯೂಬ. ನೀ ನನ್ನ ಮನಿಗಿ ಹಾರ ತಗೊಂಡ ಬರ್ತಿ.”

ಸ್ಟೆಬಿಲೈಜರು ಸಾಲದು, ಬೇರಿಗೇ ಕೈ ಹಾಕಬೇಕು ಎಂದು ಸಿದ್ದರಾಯ ಅರ್ಜಿ ಬರೆಸಿದ. ಮೂವತ್ತು ಮಂದಿ ಒಂದು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಟಿಕೋಟಾದ ವಿದ್ಯುತ್ ಕಚೇರಿಗೆ ಹೋಗಿ, ಹೊಸದಾಗಿ ಬಂದಿದ್ದ ಎಂಜಿನಿಯರ್ ಸತೀಶಕುಮಾರನ ಮೇಜಿನ ಸುತ್ತ ನಿಂತರು.

“ವೋಲ್ಟೇಜ್ ನೂರಾ ಹದಿನೈದು ಅಂತ ಬರ್ದೀರಿ. ಯಾವ ಮೀಟರ್‌ನ್ಯಾಗ ನೋಡಿದ್ರಿ?” ಎಂದು ಅವನು ಕೇಳಿದ.

ಸಿದ್ದರಾಯ ಗೆದ್ದ ಪೈಲ್ವಾನನ ಕೈ ಎತ್ತುವಂತೆ ಭಾಗಪ್ಪನ ಬಲಗೈ ಎತ್ತಿ ಹಿಡಿದ. ಎಂಜಿನಿಯರ್ ಬೆರಳು ನೋಡಿದ, ಭಾಗಪ್ಪನ ಮುಖ ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ಬೆರಳು ನೋಡಿದ. ಬೆರಳು ಅದೇ ಇತ್ತು.

“ಗುರುವಾರ ಹತ್ತು ಗಂಟೇಕ ನಾನ ಬರ್ತೀನ್ರಿ. ಮೀಟರ್ ತರ್ತೀನಿ. ಖರೇನ ಕಡಿಮಿ ಇತ್ತಂದ್ರ ಟ್ರಾನ್ಸ್‌ಫಾರ್ಮರ್‌ನ್ಯಾಗ ಏರಿಸಿ ಕೊಡೂಣು.”

“ತರ್ರಿ ಸಾಹೇಬ್ರ,” ಎಂದ ಭಾಗಪ್ಪ. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. “ನಿಮ್ಮ ಮೀಟರ್ ಖರೇ ಆಗಿ ನನ್ನ ಬಟ್ಟ ಸುಳ್ಳ ಆತಂದ್ರ, ಅವತ್ತಿಂದ ಭಾಗಪ್ಪ ಮಣಿ ಹತ್ತೂದಿಲ್ಲ.”

ಮೂವತ್ತು ಮಂದಿ ಹೋ ಎಂದರು. ಟ್ರ್ಯಾಕ್ಟರಿನಲ್ಲಿ ವಾಪಸು ಬರುವಾಗ ಭಾಗಪ್ಪ ಮಾತ್ರ ತನ್ನ ಬೆರಳನ್ನೇ ಹೊರಳಿಸಿ ಹೊರಳಿಸಿ ನೋಡಿದ. ನಿವೃತ್ತಿಯಾದ ಮೇಲೆ ಅವನನ್ನು ಯಾರೂ ಬೇರೆ ಯಾವುದಕ್ಕೂ ಕರೆದಿರಲಿಲ್ಲ. ಲಗ್ನದ ಮಾತುಕತೆಗೆ ಸಿದ್ದರಾಯ, ಜಗಳ ಬಿಡಿಸಲಿಕ್ಕೆ ಸಿದ್ದರಾಯ, ಭಾಷಣಕ್ಕೂ ಸಿದ್ದರಾಯ. ಅವನಿಗಿದ್ದದ್ದು ಆ ಬೆರಳೊಂದೇ. ಅದು ಹೋದರೆ ಅವನು ಬರೀ ಭಾಗಪ್ಪ. ಬರೀ ಭಾಗಪ್ಪರು ಊರಿನಲ್ಲಿ ಇನ್ನೂ ಆರು ಮಂದಿ ಇದ್ದರು.

ಬುಧವಾರ ಸಂಜೆ ಸೊಸೆ ಶೈಲಾ ಶಾಲೆಯಿಂದ ಬಂದಳು. ಸಾರವಾಡದ ಹುಡುಗಿ. ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನಾ ಎರಡು ಬಸ್ಸು ಬದಲಿಸಿ ಹೋಗಿ ಎರಡು ಬಸ್ಸು ಬದಲಿಸಿ ಬಂದರೂ ಮುಖದಲ್ಲಿ ನಗು ಇರುತ್ತದೆ. ಇದೊಂದು ವಿಷಯದಲ್ಲಿ ಭಾಗಪ್ಪನಿಗೆ ಅವಳ ಮೇಲೆ ಮೊದಲಿನಿಂದ ಅನುಮಾನ. ಅವತ್ತು ಅವಳು ಚೀಲದಿಂದ ಒಂಬತ್ತು ವೋಲ್ಟಿನ ಒಂದು ಪುಟ್ಟ ಬ್ಯಾಟರಿ, ಕರೆಂಟು ಅಳೆಯುವ ಒಂದು ಮೀಟರು, ಎರಡು ತುಂಡು ವಯರು ತೆಗೆದು ಅಡುಗೆಮನೆಯಲ್ಲಿ ಇಟ್ಟಳು.

“ಮಾವಾರ, ನಾಡದ ಹತ್ತನೇತ್ತಿ ಹುಡುಗ್ರಿಗೆ ಕರೆಂಟ್ ತಡಿಯೂ ರೋಧದ ಪಾಠ ಐತ್ರಿ. ಸ್ವಲ್ಪ ನಿಮ್ಮ ಬಟ್ಟ ಬೇಕಾಗಿತ್ತು.”

“ಎಷ್ಟ್ ಹೊತ್ತ?”

“ಅರ್ಧ ಮಿನಿಟ್ರಿ. ವಾಪಸ್ ಕೊಡ್ತೀನಿ.”

ಒಂದು ವಯರನ್ನು ಅವನ ಎಡ ಮುಷ್ಟಿಯಲ್ಲಿ ಇಟ್ಟಳು. ಇನ್ನೊಂದನ್ನು ಒಂದು ನಾಣ್ಯಕ್ಕೆ ಸುತ್ತಿ, ಅದರ ಮೇಲೆ ಅವನ ತೋರುಬೆರಳು ಒತ್ತಿಸಿದಳು. ಹಾಗೆ ಒತ್ತಿಸುವಾಗ ಬೆರಳ ತುದಿ ನೋಡಿದಳು. ಕತ್ತರಿ ತಿಕ್ಕಿ ತಿಕ್ಕಿ ಅದು ಉತ್ತತ್ತಿಯ ಬೀಜದಂತೆ ಜಡ್ಡುಗಟ್ಟಿತ್ತು.

“ಮೂವತ್ತು ಮೈಕ್ರೊ ಆಂಪಿಯರ್,” ಎಂದಳು. “ಅಂದ್ರ ಒಂದ್ ಆಂಪಿಯರ್ ಕರೆಂಟ್ ಹತ್ ಲಕ್ಷ ಚೂರು ಮಾಡಿದ್ರ, ಅದರಾಗ ಮೂವತ್ತ ಚೂರು ನಿಮ್ಮೊಳಗ ಹರೀತ್ರಿ.”

“ಅಷ್ಟ ಏನ?” ಭಾಗಪ್ಪನಿಗೆ ಅವಮಾನವಾಯಿತು.

“ವೋಲ್ಟೇಜಿಗೆ ಕರೆಂಟಿಂದ ಭಾಗಿಸಿದ್ರ ರೋಧ ಬರ್ತೈತ್ರಿ.” ಬರೆಯಲು ಬೇರೇನೂ ಸಿಗದೆ, ಅತ್ತೆಯ ಪರಾತದಲ್ಲಿ ಹರವಿದ್ದ ಜೋಳದ ಹಿಟ್ಟಿನ ಮೇಲೆಯೇ ಬೆರಳಿನಿಂದ ಬರೆದಳು. “ಒಂಬತ್ತಕ್ಕ ಮೂವತ್ತು ಮೈಕ್ರೊಲಿಂದ ಭಾಗಿಸಿದ್ರ ಮೂರು ಲಕ್ಷ. ನಿಮ್ಮ ರೋಧ ಮೂರು ಲಕ್ಷ ಓಮ್.”

“ಬರಿ ಯವ್ವಾ, ಬರಿ,” ಎಂದಳು ರಾಧಾಬಾಯಿ. “ಇವತ್ತ ಎಲ್ಲಾರೂ ಲೆಕ್ಕದ ರೊಟ್ಟಿ ತಿಂದ್ರಾತು.”

ಶೈಲಾ ಅದೇ ಕೈಯ ಕಿರುಬೆರಳನ್ನು ನಾಣ್ಯದ ಮೇಲೆ ಇಡಿಸಿದಳು. ಕಿರುಬೆರಳು ಕತ್ತರಿ ಕಂಡದ್ದಲ್ಲ, ಸುಖವಾಗಿ ಬೆಳೆದದ್ದು. ಮೀಟರು ಅರವತ್ತು ತೋರಿಸಿತು. ಹಿಟ್ಟಿನ ಮೇಲೆ ಒಂದೂವರೆ ಲಕ್ಷ ಬಂತು.

“ಆಕೀದೂ ನೋಡು,” ಎಂದ ಭಾಗಪ್ಪ ಹೆಂಡತಿಯನ್ನು ತೋರಿಸಿ.

ನಲವತ್ತು ವರ್ಷ ಕಾದ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು. ಮೀಟರಿನ ಮುಳ್ಳು ಇಪ್ಪತ್ತಕ್ಕೆ ಹೋಗಿ ಹೆದರಿ ನಿಂತಿತು. ನಾಲ್ಕೂವರೆ ಲಕ್ಷ ಓಮ್.

“ಈ ಮನ್ಯಾಗ ಹೆಚ್ಚಿಗಿ ರೋಧ ಯಾರ್ದಂತ ಹೇಳಾಕ ಬ್ಯಾಟರಿ ಯಾಕ ಬೇಕಾಗಿತ್ತು?” ಎಂದ ಭಾಗಪ್ಪ.

“ಮಣಿ ಕೊಟ್ಟಿದ್ರ ಕಡಿಮಿ ಆಗ್ತಿತ್ತು,” ಎಂದಳು ರಾಧಾಬಾಯಿ ಹಿಟ್ಟು ನಾದುತ್ತ. ಮೂರೂ ಬೆರಳಿನ ರೋಧ ಕೂಡಿ ಒಂದು ಉಂಡೆಯಾಯಿತು.

ಶೈಲಾ ನಗಲಿಲ್ಲ. “ಮಾವಾರ, ಸಿಟ್ಟಿಗೇಳಬ್ಯಾಡ್ರಿ. ನೀವು ವೋಲ್ಟೇಜ್ ಅಳ್ಯಾಕತ್ತಿಲ್ರಿ. ನಿಮ್ಮೊಳಗ ಹರಿಯೂ ಕರೆಂಟ್ ಅಳ್ಯಾಕತ್ತೀರಿ. ಮೊದಲ ನಿಮ್ಮ ಬಟ್ಟಿಂದು ಒಂದೂವರಿ ಲಕ್ಷ ಇತ್ತು. ಚಾಟ್ನಿ ಮಾಡಿ ಜಡ್ಡು ಬಂದು ಮೂರು ಲಕ್ಷ ಆಗೇತಿ. ರೋಧ ಡಬಲ್ ಆತು, ಕರೆಂಟ್ ಅರ್ಧ ಆತು. ಎರಡ್ನೂರಾ ಮೂವತ್ತು ಇದ್ದದ್ದು ನಿಮಗ ಎಷ್ಟ ಅನ್ನಸ್ತೈತ್ರಿ?”

ಭಾಗಪ್ಪ ಮನಸ್ಸಿನಲ್ಲೇ ಅರ್ಧ ಮಾಡಿದ. ನೂರಾ ಹದಿನೈದು ಬಂತು. ಇನ್ನೊಂದು ಸಲ ಮಾಡಿದ. ಅದೇ ಬಂತು. ದೀಪಾವಳಿ ನೆನಪಾಯಿತು, ಎಣ್ಣೆಸ್ನಾನ ನೆನಪಾಯಿತು, ಸರ್ಕಾರದ ಭಕ್ತಿ ನೆನಪಾಯಿತು. ನಲವತ್ತೆರಡು ಸ್ಟೆಬಿಲೈಜರುಗಳು ಒಂದರ ಹಿಂದೆ ಒಂದು ಕಣ್ಣ ಮುಂದೆ ಹಾದುಹೋದವು.

“ಇನ್ನ ಒಂದು ಐತ್ರಿ,” ಎಂದಳು ಶೈಲಾ. ಶಿಕ್ಷಕಿಯರಿಗೆ ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ಇರುವುದಿಲ್ಲ. “ವೋಲ್ಟೇಜಿಗೆ ಕರೆಂಟ್ ಗುಣಿಸಿದ್ರ ವ್ಯಾಟ್ ಬರ್ತೈತಿ. ನೀವು ವಯರ್ ಮುಟ್ಟಿದಾಗ ಒಂದ್ ವ್ಯಾಟಿನ ಆರನೇ ಒಂದು ಪಾಲಿಗಿಂತ ಒಂದೀಟ ಹೆಚ್ಚ ಆಗ್ತೀರಿ. ಒಂದ್ ಹಳೇ ಹದಿನೈದು ವ್ಯಾಟಿನ ಜೀರೋ ಬಲ್ಬ್ ಹತ್ತಬೇಕಂದ್ರ ನಿಮ್ಮಂಥಾವ್ರು ಎಂಬತ್ತೈದ ಮಂದಿ ಬೇಕ್ರಿ.”

“ಒಬ್ಬರಿಂದನ ಸಾಕಾಗೇತಿ,” ಎಂದಳು ರಾಧಾಬಾಯಿ.

ಭಾಗಪ್ಪ ಬೆರಳನ್ನು ಧೋತರದ ಚುಂಗಿಗೆ ಒರೆಸಿಕೊಂಡ. ಮೋಟರು ಸುಟ್ಟರೆ ರಿವೈಂಡಿಂಗ್ ಮಾಡಿಸುತ್ತಾರೆ. ಬೆರಳು ಕೆಟ್ಟರೆ ಎಲ್ಲಿ ಒಯ್ಯಬೇಕು?

“ಈ ಜಡ್ಡ ಇಳಿಯೂದಿಲ್ಲೇನ ಯವ್ವಾ?” ಎಂದು ಕೇಳಿದ.

“ನೀರಾಗ ನೆನದ್ರ ರೋಧ ಇಳೀತೈತ್ರಿ. ಆದ್ರ...”

ಭಾಗಪ್ಪ ‘ಇಳೀತೈತ್ರಿ’ ಎಂಬಲ್ಲಿಗೆ ಎದ್ದು ಹೊರಗೆ ಹೋಗಿದ್ದ. ‘ಆದ್ರ’ ಎಂಬುದು ಅಡುಗೆಮನೆಯಲ್ಲೇ ಉಳಿಯಿತು.

ಗುರುವಾರ ಬೆಳಿಗ್ಗೆ ಐದಕ್ಕೆ ಅವನು ಕೊಟ್ಟಿಗೆಯಲ್ಲಿ ಎಮ್ಮೆಯ ಎದುರಿಗೆ ಕೂತು, ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಬೆರಳು ತಿಕ್ಕಿದ. ಆಮೇಲೆ ತಂಬಿಗೆಯಲ್ಲಿ ಬಿಸಿನೀರು ಹಾಕಿ, ನೀರಿಗಿಂತ ಉಪ್ಪುನೀರು ಮೇಲು ಎಂದು ಎರಡು ಮುಷ್ಟಿ ಉಪ್ಪು ಹಾಕಿ, ಬೆರಳು ಮುಳುಗಿಸಿದ. ಸ್ವಲ್ಪ ನೆನೆದರೆ ಸ್ವಲ್ಪ ಇಳಿಯುವುದಾದರೆ ಬಹಳ ನೆನೆದರೆ ಬಹಳ ಒಳ್ಳೆಯದು. ಒಂಬತ್ತೂವರೆಯವರೆಗೆ ಬೆರಳು ಹೊರಗೆ ಬರಲಿಲ್ಲ. ಎಮ್ಮೆ ಎರಡು ಸಲ ಅವನ ಮುಖ ನೋಡಿ, ಇದರಲ್ಲಿ ತನ್ನ ಪಾತ್ರವಿಲ್ಲ ಎಂಬಂತೆ ಕಣ್ಣು ಮುಚ್ಚಿತು. ಕೊನೆಗೆ ಹೊರಬಂದ ಬೆರಳು ಪಾಯಸಕ್ಕೆ ನೆನೆಹಾಕಿದ ಒಣದ್ರಾಕ್ಷಿಯ ಹಾಗೆ ಉಬ್ಬಿ ಬೆಳ್ಳಗಾಗಿತ್ತು. ಆರೀತೆಂದು ಹೆದರಿ ಅದರ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡು ಹೊರಟ.

ಪರೀಕ್ಷೆ ನಡೆದದ್ದು ಸಿದ್ದರಾಯನ ಕಟ್ಟೆಯ ಮೇಲೆ. ಟ್ರಾನ್ಸ್‌ಫಾರ್ಮರಿಗೆ ಹತ್ತಿರದ ಮನೆ ಅದು. ಒಳಗಿನಿಂದ ಒಂದು ವಯರು ಹೊರಗೆ ಎಳೆದಿದ್ದರು. ಸತೀಶಕುಮಾರ ಮೀಟರು ಕೈಯಲ್ಲಿ ಹಿಡಿದು ನಿಂತಿದ್ದ. ಅರ್ಧ ದಿನ ರಜೆ ಹಾಕಿದ್ದ ಶೈಲಾ ಅತ್ತೆಯ ಜೊತೆ ಹೆಂಗಸರ ಗುಂಪಿನಲ್ಲಿದ್ದಳು.

“ಮೊದಲ ನಾ ಮುಟ್ತೀನಿ,” ಎಂದ ಭಾಗಪ್ಪ. “ಇಲ್ಲಂದ್ರ ನಿಮ್ಮ ಮೀಟರ್ ನೋಡಿ ಹೇಳ್ದಾ ಅಂದಾರು ನಾಳಿ.”

“ಹಿರ್ಯಾರ, ಮುಟ್ಟೂದು ಬ್ಯಾಡ್ರಿ. ಮೀಟರ್ ಐತಲ್ರಿ,” ಎಂದ ಸತೀಶಕುಮಾರ.

“ಕಾಕಾರ್ನ ಬಿಡ್ರಿ ಸಾಹೇಬ್ರ, ನೀವು ಹುಟ್ಟೂಕಿನ ಮೊದಲಿಂದ ಮುಟ್ಯಾರ ಅವ್ರು,” ಎಂದ ಸಿದ್ದರಾಯ.

ಭಾಗಪ್ಪ ಮಣೆ ಏರಿ ಬಟ್ಟೆ ಬಿಚ್ಚಿದ. ಅದರಿಂದ ಹನಿಹನಿಯಾಗಿ ಉಪ್ಪುನೀರು ಮಣೆಯ ಮೇಲೆ ಬಿತ್ತು. ಇವತ್ತು ಬೆರಳನ್ನು ಧೋತರಕ್ಕೆ ಒರೆಸಲಿಲ್ಲ. ಕಣ್ಣು ಮುಚ್ಚಿದ. ಊರೂ ಮುಚ್ಚಿತು. ಕಣ್ಣು ಮುಚ್ಚದೆ ಇದ್ದವಳು ಶೈಲಾ ಒಬ್ಬಳೇ.

“ಮಾವಾರ, ನಿಂದರ್ರಿ, ಹಸಿ ಐತಿ...”

ಅಷ್ಟರಲ್ಲಿ ಭಾಗಪ್ಪ ಮುಟ್ಟಿ ಆಗಿತ್ತು. ಕರೆಂಟು ಅವನನ್ನು ಮಣೆಯಿಂದ ಎತ್ತಿ, ಕಟ್ಟೆ ದಾಟಿಸಿ, ಕೆಳಗೆ ಒಟ್ಟಿದ್ದ ದ್ರಾಕ್ಷಿ ಕಡ್ಡಿಯ ರಾಶಿಯ ಮೇಲೆ ಮರ್ಯಾದೆಯಿಂದ ಕೂರಿಸಿತು. ಶೈಲಾಳ ಕೂಗಿಗೆ ಕಣ್ಣು ತೆರೆದವರು ಹತ್ತು ಅಡಿ ಹಾರಿದ ಎನ್ನುತ್ತಾರೆ. ಕಣ್ಣು ಮುಚ್ಚಿದ್ದವರು ಇಪ್ಪತ್ತು ಎನ್ನುತ್ತಾರೆ.

ರಾಧಾಬಾಯಿ ಓಡಿ ಬಂದು ಎದೆ ಮುಟ್ಟಿ ನೋಡಿದಳು. ಸಿದ್ದರಾಯನೂ ಓಡಿ ಬಂದ.

“ಎಷ್ಟ್ರಿ ಕಾಕಾ?”

ಕಣ್ಣು ಇನ್ನೂ ನೆಟ್ಟಗಾಗಿರಲಿಲ್ಲ, ಕೂದಲು ಕೂತಿರಲಿಲ್ಲ. ಆದರೂ ಮೂವತ್ತೊಂದು ವರ್ಷದ ಅಭ್ಯಾಸ ಬಾಯಿ ತೆರೆಯಿತು.

“ಹದಿನೇಳ್ನೂರ,” ಎಂದ ಭಾಗಪ್ಪ.

ಸತೀಶಕುಮಾರ ಮೀಟರು ಹಚ್ಚಿದ. ಇನ್ನೂರಾ ಇಪ್ಪತ್ತೊಂಬತ್ತು. ಎತ್ತಿ ಎಲ್ಲರಿಗೂ ತೋರಿಸಿದ. ಊರಿಗೆ ಅವನ ಮೇಲೆ ಕನಿಕರ ಬಂತು.

“ಸಾಹೇಬ್ರ, ನಿಮ್ಮ ಮೀಟರ್ ಹಾರಿತೇನ್ರಿ?” ಎಂದು ಸಿದ್ದರಾಯ ಕೇಳಿದ. “ಕಾಕಾ ಹಾರ್ಯಾರ. ನಾವೆಲ್ಲಾ ಕಣ್ಣಾರೆ ನೋಡೀವಿ. ಹದಿನೇಳ್ನೂರ ವೋಲ್ಟ್ ಬಿಟ್ಟಾರಂದ್ರ ಊರು ಉಳೀತೈತೇನ್ರಿ? ಈಗಿಂದೀಗ ಟ್ರಾನ್ಸ್‌ಫಾರ್ಮರ್ ಇಳಸ್ರಿ.”

“ಮೊನ್ನಿ ಏರಸ್ರಿ ಅಂದ್ರಿ.”

“ಮೊನ್ನಿ ಕಡಿಮಿ ಇತ್ತು.”

ಹಳೆ ಅರ್ಜಿಯ ಬೆನ್ನಿಗೇ ಹೊಸ ಅರ್ಜಿ ತಯಾರಾಯಿತು. ಏರಿಸಬೇಕು ಎಂದಿದ್ದಲ್ಲಿ ಇಳಿಸಬೇಕು ಎಂದು ಬರೆದರು, ಉಳಿದದ್ದು ಹಾಗೆಯೇ ನಡೆಯಿತು. ಮೊದಲ ಸಹಿ ಭಾಗಪ್ಪನದೇ ಆಗಬೇಕು ಎಂದು ಕಡ್ಡಿರಾಶಿಯ ಹತ್ತಿರಕ್ಕೆ ಪೆನ್ನು ತಂದು ಹಿಡಿದರು. ಯಾರೋ ಅವನಿಗೆ ಗಾಳಿ ಬೀಸುತ್ತಿದ್ದರು. ಯಾರೋ ಅವನ ಬೆರಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಲಗ್ನದ ಮಾತುಕತೆಗೂ ಇನ್ನು ಮೇಲೆ ಅವನನ್ನೇ ಕರೆಯುವ ಹಾಗೆ ಕಂಡಿತು.

ಭಾಗಪ್ಪ ಪೆನ್ನು ಹಿಡಿದ. ಇನ್ನೂರಾ ಇಪ್ಪತ್ತೊಂಬತ್ತು ಇದ್ದದ್ದನ್ನು ಇಳಿಸಿದರೆ ಏನಾಗುತ್ತದೆ? ಬೋರಿನ ಮೋಟರುಗಳು ಏಳಲಾರದೆ ಗುಂಯ್ ಎನ್ನುತ್ತವೆ, ಬಿಸಿಯಾಗುತ್ತವೆ, ಒಂದರ ಹಿಂದೆ ಒಂದು ಸುಡುತ್ತವೆ. ಬೆರಳಿಗೆ ಅದು ಗೊತ್ತಿರಲಿಲ್ಲ. ಲೈನ್‌ಮನ್‌ಗೆ ಗೊತ್ತಿತ್ತು. ಗುಂಪಿನ ಹಿಂದೆ ಶೈಲಾ ನಿಂತಿದ್ದಳು. ಆ ಹೊತ್ತಿಗೆ ಅವಳು ನಗುತ್ತಿರಲಿಲ್ಲ.

ಭಾಗಪ್ಪ ಪೆನ್ನಿನ ಮುಚ್ಚಳ ಹಾಕಿದ.

“ವೋಲ್ಟೇಜ್ ಸರಿ ಐತಿ,” ಎಂದ. “ಕೆಟ್ಟಿದ್ದು ನನ್ನ ಬಟ್ಟ. ಮೊನ್ನಿ ಜಡ್ಡ ಇತ್ತು, ಕಡಿಮಿ ಹೇಳ್ದೆ. ಇವತ್ತ ಉಪ್ಪನೀರಾಗ ನೆನಸಿದ್ದೆ, ಹೆಚ್ಚ ಹೇಳ್ದೆ. ದೀಪಾವಳಿಗಿ ಎಣ್ಣಿ ಹಚ್ಚಿ ಬಿಸಿನೀರ ಎರ್ಕೊಂತಿದ್ದೆ, ಬಟ್ಟ ನೆನದ ಮೆತ್ತಗ ಆಗ್ತಿತ್ತು, ಅದಕ್ಕ ಎರಡ್ನೂರೈವತ್ತ ಬರ್ತಿತ್ತು. ಸಾಹೇಬ್ರ ಮೀಟರ್ ಖರೇ. ಇವತ್ತಿಂದ ನಾ ಮಣಿ ಹತ್ತೂದಿಲ್ಲ.”

ಸಿದ್ದರಾಯ ನಿಧಾನವಾಗಿ ಅವನ ಹಣೆ ಮುಟ್ಟಿ ನೋಡಿದ.

“ಶಾಕ್ ತಲಿಗೇರೈತಿ,” ಎಂದ. “ಉಳ್ಳಾಗಡ್ಡಿ ತರ್ರಿ, ಮೂಸಸೂಣು.”

“ತಲಿ ನೆಟ್ಟಗೈತಲೇ ಸಿದ್ದರಾಯ. ಜೀವನದಾಗ ಮೊದಲನೇ ಸಲ ನೆಟ್ಟಗಾಗೇತಿ.”

“ನೋಡ್ರಿ, ಬಡಬಡಿಸಾಕತ್ತಾರ. ಹದಿನೇಳ್ನೂರ ಅಂದ್ರ ಸುಮ್ನ ಏನು.”

ಅವನು ಇನ್ನೊಮ್ಮೆ ಹೇಳಿದ. ಬೆರಳು ತೋರಿಸಿ ಹೇಳಿದ, ಹಿಟ್ಟಿನ ಮೇಲಿನ ಲೆಕ್ಕ ಹೇಳಿದ, ಎಮ್ಮೆಯನ್ನು ಸಾಕ್ಷಿಗೆ ಕರೆದ. ಹೇಳಿದಷ್ಟೂ ಉಳ್ಳಾಗಡ್ಡಿ ಹತ್ತಿರ ಬರುತ್ತಿತ್ತು. ಇಷ್ಟು ವರ್ಷ ಅವನು ಹೇಳಿದ ಹನ್ನೊಂದು ಸುಳ್ಳನ್ನೂ ಕಣ್ಣು ಮುಚ್ಚಿ ನಂಬಿದ್ದ ಊರು, ಹೇಳಿದ ಒಂದೇ ಒಂದು ನಿಜಕ್ಕೆ ಕಣ್ಣು ತೆರೆಯಲಿಲ್ಲ.

ಆ ಜಾತ್ರೆಯಲ್ಲಿ ಅವನ ಮಾತು ಕೇಳಿಸಿಕೊಂಡವನು ಸತೀಶಕುಮಾರ ಒಬ್ಬನೇ. ಪುಸ್ತಕ ತೆಗೆದು, ಇನ್ನೂರಾ ಇಪ್ಪತ್ತೊಂಬತ್ತು, ಸರಿಯಾಗಿದೆ, ನಿವೃತ್ತ ಲೈನ್‌ಮನ್ ಒಪ್ಪಿದ್ದಾರೆ ಎಂದು ಬರೆದ. ಭಾಗಪ್ಪನ ಸಹಿ ಅಲ್ಲಿ ಬಿತ್ತು. ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಎಂಜಿನಿಯರ್ ಹೋದ ಮೇಲೆ, ತಮ್ಮ ಅರ್ಜಿಗೆ ಹೆದರಿ ಅವನೇ ಸದ್ದಿಲ್ಲದೆ ಇಳಿಸಿ ಹೋದ ಎಂದು ಊರು ತೀರ್ಮಾನಿಸಿ ಸಂತೋಷಪಟ್ಟಿತು.

ಮನೆಗೆ ಹೋಗುವಾಗ ಶೈಲಾ ಮಾವನ ತೋಳು ಹಿಡಿದಿದ್ದಳು.

“ಮಾವಾರ, ನಿಮ್ಮ ಲೆಕ್ಕ ತಪ್ಪಿಲ್ರಿ. ಒಂದೂವರಿ ಲಕ್ಷ ಇದ್ದಾಗ ಎರಡ್ನೂರಾ ಮೂವತ್ತು ಅನ್ಸೂದು, ರೋಧ ಇಪ್ಪತ್ತು ಸಾವಿರಕ್ಕ ಇಳದ್ರ ಹದಿನೇಳ್ನೂರಾ ಇಪ್ಪತ್ತೈದು ಅನಸ್ತೈತಿ. ಬರೇ ಇಪ್ಪತ್ತೈದು ವೋಲ್ಟ್ ಬಿಟ್ಟೀರಿ.”

“ವ್ಯಾಟ್ ಎಷ್ಟ?” ಎಂದು ಭಾಗಪ್ಪ ಮೆಲ್ಲಗೆ ಕೇಳಿದ.

“ಎರಡೂವರಿಗಿಂತ ಸ್ವಲ್ಪ ಹೆಚ್ಚ. ಈಗ ಜೀರೋ ಬಲ್ಬಿಗೆ ನಿಮ್ಮಂಥಾವ್ರು ಆರು ಮಂದಿ ಸಾಕ್ರಿ.”

ಎಂಬತ್ತೈದರಿಂದ ಆರಕ್ಕೆ ಬಂದದ್ದು ಒಂದೇ ದಿನದ ಪ್ರಗತಿಗೆ ಕಡಿಮೆಯೇನಲ್ಲ ಎಂದು ಅವನಿಗೆ ಅನ್ನಿಸಿತು.

ಮಣೆ ರಾಧಾಬಾಯಿಗೆ ಹೋಯಿತು. ಹೊಸ ಫ್ರಿಜ್ಜು ಬಂದ ಮನೆಗೆ ಈಗ ಶೈಲಾ ವೋಲ್ಟೇಜಿನ ಮೀಟರು ತೆಗೆದುಕೊಂಡು ಹೋಗುತ್ತಾಳೆ. ಮನೆಯವರು ಕಣ್ಣು ಮುಚ್ಚುತ್ತಾರೆ, ಅವಳು ಇನ್ನೂರಾ ಇಪ್ಪತ್ತೆಂಟು ಎನ್ನುತ್ತಾಳೆ, ಮನೆಯವರು ಹೂಂ ಎನ್ನುತ್ತಾರೆ. ಅವಳು ಬಸ್ಸು ಹತ್ತಿದ ಮೇಲೆ ಭಾಗಪ್ಪನ ಹತ್ತಿರ ಬಂದು, ಮೀಟರು ಹೀಗೆ ಹೇಳುತ್ತಿದೆ, ನೀವೇನಂತೀರಿ ಎಂದು ಕೇಳುತ್ತಾರೆ. ಭಾಗಪ್ಪ ಚಹಾದ ಬಟ್ಟಲು ಎರಡೂ ಕೈಯಲ್ಲಿ ಹಿಡಿದು, ಮೀಟರು ಹೇಳಿದ್ದು ಖರೇ ಎನ್ನುತ್ತಾನೆ. ಆಗ ಫ್ರಿಜ್ಜು ಹಚ್ಚುತ್ತಾರೆ.

ಆ ವರ್ಷದ ದೀಪಾವಳಿಗೆ ಅವನ ಮನೆಗೇ ಹೊಸ ಮಿಕ್ಸರ್ ಬಂತು. ಭಾಗಪ್ಪ ಎಣ್ಣೆಸ್ನಾನ ಮುಗಿಸಿ, ಹೊಸ ಧೋತರ ಉಟ್ಟು ಅಡುಗೆಮನೆಗೆ ಬಂದ. ಮಿಕ್ಸರ್ ನೋಡಿದ. ಗೋಡೆಯ ಸ್ವಿಚ್‌ಬೋರ್ಡ್ ನೋಡಿದ. ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿಕೊಂಡ. ಬಹಳ ಮೆತ್ತಗಿತ್ತು. ಧೋತರದ ಚುಂಗಿಗೆ ಒಂದು ಸಲ ಒರೆಸಿದ. ಎರಡು ಸಲ ಒರೆಸಿದ.

ರಾಧಾಬಾಯಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮಣೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತು, ಹಂಚಿನ ಮೇಲಿನ ರೊಟ್ಟಿಯನ್ನು ಬರಿ ಬೆರಳಿನಿಂದ ತಿರುವಿ ಹಾಕಿದಳು.

“ಮಣಿ ಸಿಗೂದಿಲ್ಲ,” ಎಂದಳು.